ಕೊಟ್ಟ ಮೇಲೂ ಉಳಿಯುವ ‘ನನ್ನದು’

ಕೊಲ್ಹಾಪುರ ಜಿಲ್ಲೆಯ ಕುಂಭೋಜಕ್ಕೆ, ಅಲ್ಲಿನ ಬಾಹುಬಲಿ ಕ್ಷೇತ್ರದ ದರ್ಶನಕ್ಕೆ, ಬೆಳಗಾವಿ, ಧಾರವಾಡ ಭಾಗದ ಶ್ರಾವಕರು ಕುಟುಂಬಸಮೇತ ಹೋಗಿಬರುವುದು ವಾಡಿಕೆ. ಸ್ವಾಮಿಯ ದರ್ಶನ ಮಾಡಿ ಮರಳುವವರಲ್ಲಿ ಬಹುಮಂದಿಗೆ ಅದೇ ಊರಿನಲ್ಲಿ 1887ರ ಸೆಪ್ಟೆಂಬರ್ 22ರಂದು ಜನಿಸಿದ ಜೈನ ಗೃಹಸ್ಥರೊಬ್ಬರ ನೆನಪು ಬರುವುದಿಲ್ಲ. ಅವರು ಭಾವುರಾವ್ ಪಾಯಗೊಂಡ ಪಾಟೀಲರು. ಮಹಾರಾಷ್ಟ್ರದ ಜನ ಅವರನ್ನು ‘ಕರ್ಮವೀರ’ ಎಂದು ಕರೆದರು. ಅವರ ಪೂರ್ವಜರು ನಮ್ಮ ಮೂಡುಬಿದಿರೆಯ ಕಡೆಯಿಂದ ಹೋದವರು. ತಂದೆಯ ಹೆಸರಾದ ಪಾಯಗೊಂಡದಲ್ಲಿ ಇಂದಿಗೂ ಕನ್ನಡದ ‘ಗೌಡ’ ಕೇಳಿಸುತ್ತದೆ.

1919ರ ವಿಜಯದಶಮಿಯಂದು ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ಅವರು ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೆ ತಮ್ಮ ಮನೆತನದ ಹೆಸರನ್ನಾಗಲಿ, ಜಾತಿಯ ಹೆಸರನ್ನಾಗಲಿ ಇಡಲಿಲ್ಲ. ‘ರಯತ ಶಿಕ್ಷಣ ಸಂಸ್ಥೆ’ ಎಂದು ಕರೆದರು. ರಯತ ಎಂದರೆ ನಮ್ಮ ರೈತ ಪದವೇ; ಒಕ್ಕಲು ಮಕ್ಕಳು, ಸಾಮಾನ್ಯ ಪ್ರಜೆಗಳು ಎಂದರ್ಥ. ಹಳ್ಳಿಯಲ್ಲಿ ಹುಟ್ಟಿದ ಆ ಸಂಸ್ಥೆಯ ಶಾಖೆಗಳು ಇಂದು ಏಳು ನೂರಕ್ಕೂ ಅಧಿಕ. ಲಾಭವನ್ನು ಬಯಸದ ಸಂಸ್ಥೆಯೊಂದನ್ನು ಹುಟ್ಟುಹಾಕಿ ನಡೆಸುವುದೆಂದರೇನು, ಅದರಲ್ಲಿ ಜಿನಧರ್ಮದ ಗೃಹಸ್ಥನಿಗೆ ಎದುರಾಗುವ ಪರೀಕ್ಷೆ ಯಾವುದು ಎಂಬುದನ್ನು ತಿಳಿಯಬಯಸುವವರಿಗೆ ಭಾವುರಾವ್ ದಂಪತಿಯ ಜೀವನ ಒಂದು ಪಾಠಶಾಲೆಯಂತಿದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಭಾವುರಾವ್ ತಮ್ಮ ಕಾರ್ಯಕ್ಕೆ ಶಾಸ್ತ್ರದ ಆಧಾರವನ್ನು ಹುಡುಕಿದವರಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜ ಮತ್ತು ಕೊಲ್ಹಾಪುರದ ಶಾಹು ಮಹಾರಾಜರ ವಿಚಾರಗಳು ಅವರನ್ನು ರೂಪಿಸಿದವು. ಜೈನ ಸಂಸ್ಥೆಯೊಂದರಿಂದ ಅವರಿಗೆ ನೋವೂ ಆಗಿತ್ತು. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಾಗ ಅವರು ಅಸ್ಪೃಶ್ಯರೆನಿಸಿಕೊಂಡಿದ್ದ ವಿದ್ಯಾರ್ಥಿಗಳ ವಸತಿನಿಲಯದ ಸಮಾರಂಭಕ್ಕೆ ಹೋಗಿ ಬಂದರು. ಸ್ನಾನ ಮಾಡಿಯೇ ಊಟದ ಮನೆಗೆ ಬರಬೇಕೆಂಬ ಆಜ್ಞೆಯಾಯಿತು. ಯುವಕ ಒಪ್ಪಲಿಲ್ಲ, ಬೋರ್ಡಿಂಗನ್ನು ಬಿಡಬೇಕಾಯಿತು. ಸಕಲ ಜೀವಿಗಳಲ್ಲಿಯೂ ಅನಂತ ಜ್ಞಾನದ ಶಕ್ತಿ ಸುಪ್ತವಾಗಿದೆ ಎಂದು ಬೋಧಿಸುವ ಧರ್ಮದ ಅನುಯಾಯಿಗಳು ಕಟ್ಟಿದ ಮನೆಯಲ್ಲಿಯೇ ಹೀಗೆ ನಡೆಯಿತೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ.

ಆ ಬೋರ್ಡಿಂಗಿನ ಮೇಲ್ವಿಚಾರಕರಾಗಿದ್ದವರು ಅಣ್ಣಾಸಾಹೇಬ ಲಠ್ಠೆಯವರು. ಜೈನ ಸಮಾಜದ ಮುಂದಾಳುಗಳಾಗಿದ್ದ ಅವರು ಮುಂದೆ ಮುಂಬಯಿ ಪ್ರಾಂತ್ಯದ ಹಣಕಾಸು ಸಚಿವರಾದರು. 1914ರಲ್ಲಿ ಕೊಲ್ಹಾಪುರದಲ್ಲಿ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣ ನಡೆದಾಗ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ನುಡಿಯುವಂತೆ ಭಾವುರಾವ್ ಅವರ ಮೇಲೆ ಒತ್ತಡ ಬಂತು. ತಮ್ಮನ್ನು ಹೊರಹಾಕಿದವರ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ಸಂದರ್ಭ ಬೇರೆ ಬೇಕಿರಲಿಲ್ಲ. ಅವರು ಸಾಕ್ಷಿ ಹೇಳಲಿಲ್ಲ; ಸೆರೆಮನೆಯ ಕಷ್ಟವನ್ನು ಉಂಡರು. ಸತ್ಯಾಣುವ್ರತದ ಅತಿಚಾರಗಳನ್ನು ಕಂಠಪಾಠ ಮಾಡಿದವರೆಲ್ಲ ಇಂಥ ಘಳಿಗೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆಂದು ಹೇಳಲಾಗದು. ಸಾರ್ವಜನಿಕ ಹಣವನ್ನು ಕೈಯಲ್ಲಿ ಹಿಡಿಯಬೇಕಾದವನಿಗೆ ಮೊದಲ ಬಂಡವಾಳ ಈ ಗಟ್ಟಿತನವೇ. ಜನ ಕಾಸು ಕೊಡುವುದು ಉದ್ದೇಶವನ್ನು ನೋಡಿಯಲ್ಲ, ಮನುಷ್ಯನ ಮಾತನ್ನು ನೋಡಿ.

ಹಣದ ವಿಷಯಕ್ಕೆ ಬಂದರೆ, ಸಂಸ್ಥೆ ಕಟ್ಟುವವರು ಸಾಮಾನ್ಯವಾಗಿ ಮೊದಲು ದೊಡ್ಡ ದಾನಿಯನ್ನು ಹುಡುಕುತ್ತಾರೆ. ಭಾವುರಾವ್ ಮೊದಲು ಹುಡುಕಿದ್ದು ಹಿಡಿ ಕಾಳನ್ನು. ರಯತ ಸಂಸ್ಥೆಗಿಂತ ಮುಂಚೆಯೇ ದೂಧಗಾವದಲ್ಲಿ ಗೆಳೆಯರೊಡನೆ ವಿದ್ಯಾರ್ಥಿಗಳಿಗಾಗಿ ಆಶ್ರಮವೊಂದನ್ನು ಆರಂಭಿಸಿದಾಗ ‘ಮುಷ್ಟಿ ಫಂಡ್’ ಎಂಬ ಪದ್ಧತಿಯನ್ನು ಬಳಸಿದರು. ಮನೆಮನೆಯಿಂದ ಒಂದು ಮುಷ್ಟಿ ಧಾನ್ಯ. ನೋಡಲು ಬಹಳ ಚಿಕ್ಕ ವಿಷಯ. ಆದರೆ ಹಿಡಿ ಜೋಳ ಕೊಟ್ಟ ತಾಯಿಗೆ ಆ ಶಾಲೆ ತನ್ನದೆನಿಸುತ್ತದೆ. ಮಕ್ಕಳು ಸರಿಯಾಗಿ ಉಂಡರೇ ಎಂದು ಕೇಳುವ ಅಧಿಕಾರ ಆಕೆಗೂ ಬರುತ್ತದೆ. ಒಬ್ಬನೇ ಶ್ರೀಮಂತ ಲಕ್ಷ ಕೊಟ್ಟರೆ ಕೇಳುವವನೂ ಅವನೊಬ್ಬನೇ. ಅವನು ಮುನಿದ ದಿನ ಒಲೆ ಆರುತ್ತದೆ. ನೂರು ಮನೆಗಳ ಹಿಡಿ ಕಾಳು ಒಂದೇ ದಿನ ನಿಲ್ಲುವುದಿಲ್ಲ.

1924ರಲ್ಲಿ ಸಂಸ್ಥೆಯ ಕಾರ್ಯಾಲಯ ಸಾತಾರಾಕ್ಕೆ ಬಂತು. ಅಲ್ಲಿ ಎಲ್ಲ ಜಾತಿಯ ಬಾಲಕರಿಗಾಗಿ ಒಂದೇ ವಸತಿನಿಲಯ ಆರಂಭವಾಯಿತು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದು ಅದಕ್ಕೆ ಶಾಹು ಮಹಾರಾಜರ ಹೆಸರನ್ನಿಟ್ಟರು. ಮಕ್ಕಳು ಒಟ್ಟಿಗೆ ಅಡಿಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಹೊಲದಲ್ಲಿ ದುಡಿದು ತಮ್ಮ ಖರ್ಚಿಗೆ ತಾವೇ ಸಂಪಾದಿಸಿ ಓದುತ್ತಿದ್ದರು. ಸ್ವಾವಲಂಬನೆಯ ಶಿಕ್ಷಣ ಸಂಸ್ಥೆಯ ಧ್ಯೇಯವಾಯಿತು, ಆಲದ ಮರ ಅದರ ಲಾಂಛನವಾಯಿತು.

ಈ ವಸತಿನಿಲಯದ ಒಲೆಯನ್ನು ಆರದಂತೆ ಕಾಪಾಡಿದವರು ಭಾವುರಾವ್ ಅವರ ಪತ್ನಿ ಲಕ್ಷ್ಮೀಬಾಯಿಯವರು. ಸಂಪ್ರದಾಯಸ್ಥ ಜೈನ ಮನೆಯ ಮಗಳು. ಮಡಿ, ನೀರು ಶೋಧಿಸುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ಇಂಥ ನಿಯಮಗಳಿರುವ ಮನೆಗಳಲ್ಲಿ ಬೆಳೆದ ಹೆಣ್ಣುಮಗಳಿಗೆ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವುದು ಸುಲಭವಾಗಿದ್ದಿರಲಾರದು. ಆದರೂ ಆಕೆ ಆ ಮಕ್ಕಳಿಗೆ ತಾಯಿಯಾದರು. ಧಾನ್ಯ ಮುಗಿದಾಗ ಒಡವೆಗಳು ಒಂದೊಂದಾಗಿ ಹೋದವು. ಕಡೆಗೆ ಕೊರಳಿನ ಮಂಗಳಸೂತ್ರವೂ ಮಕ್ಕಳ ಅನ್ನವಾಯಿತು. ಭಾವುರಾವ್ ಅವರ ಹೆಸರಿನಲ್ಲಿ ಭಾಷಣ ಮಾಡುವವರು ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುವುದುಂಟು. ಹಾಗೆ ಹೋಗಬಾರದು. ಪತಿ ಬದುಕಿರುವಾಗ ಮಂಗಳಸೂತ್ರವನ್ನು ತೆಗೆದುಕೊಡುವುದು ಆ ಕಾಲದ ಗೃಹಿಣಿಗೆ ಬರಿಯ ಚಿನ್ನ ಕೊಡುವ ಮಾತಾಗಿರಲಿಲ್ಲ. ನೆರೆಹೊರೆಯವರ ಕಣ್ಣಿನಲ್ಲಿ ತನ್ನ ಸ್ಥಾನವನ್ನೇ ಪಣಕ್ಕಿಟ್ಟಂತೆ.

ದಾನವೆಂದರೇನು ಎಂಬುದನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬಹಳ ಸಂಕ್ಷೇಪವಾಗಿ ನಿರೂಪಿಸಿದ್ದಾರೆ. ಅನುಗ್ರಹಕ್ಕಾಗಿ ತನ್ನದಾದುದನ್ನು ತ್ಯಜಿಸುವುದು ದಾನ. ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತ, ಆ ಅನುಗ್ರಹ ಕೊಡುವವನಿಗೂ ಪಡೆಯುವವನಿಗೂ ಸೇರಿದ್ದು ಎನ್ನುತ್ತಾರೆ. ಮುಂದಿನ ಸೂತ್ರ ಇನ್ನೂ ಸೂಕ್ಷ್ಮ. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವ್ಯತ್ಯಾಸವಾಗುತ್ತದೆ. ಮುನಿಗಳಿಗೆ ಆಹಾರ ನೀಡುವಾಗ ಶ್ರಾವಕರು ಈ ನಾಲ್ಕನ್ನೂ ಎಷ್ಟು ಎಚ್ಚರದಿಂದ ಪಾಲಿಸುತ್ತಾರೆ! ಅದೇ ಕೈ ಒಂದು ವಿದ್ಯಾರ್ಥಿವೇತನದ ನಿಧಿಯನ್ನು ನಡೆಸುವಾಗ ಆ ಎಚ್ಚರ ಸಡಿಲವಾಗುತ್ತದೆ. ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳಲ್ಲಿ ಕಾಲಾತಿಕ್ರಮ ಒಂದು; ಕೊಡಬೇಕಾದ ಹೊತ್ತು ಮೀರಿ ಕೊಡುವುದು. ಶಾಲೆಯ ಶುಲ್ಕ ಕಟ್ಟಬೇಕಾದದ್ದು ಜೂನ್ ತಿಂಗಳಲ್ಲಿ. ವಿದ್ಯಾರ್ಥಿವೇತನದ ಚೆಕ್ಕು ಸಿಗುವುದು ಅಧ್ಯಕ್ಷರಿಗೆ ಬಿಡುವಾಗಿ, ಸಭಾಭವನ ಗೊತ್ತಾಗಿ, ಫೋಟೋ ತೆಗೆಯುವವನು ಬಂದ ಮೇಲೆ, ಮುಂದಿನ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಆ ಹುಡುಗಿಯ ತಂದೆ ಕೈಸಾಲ ಮಾಡಿರುತ್ತಾನೆ, ಇಲ್ಲವೆ ಹುಡುಗಿ ಶಾಲೆ ಬಿಟ್ಟಿರುತ್ತಾಳೆ. ಮಾತ್ಸರ್ಯವೂ ಅದೇ ಪಟ್ಟಿಯಲ್ಲಿದೆ. ಆದರವಿಲ್ಲದೆ ಕೊಡುವುದು, ಇನ್ನೊಬ್ಬ ದಾನಿಯ ಗುಣವನ್ನು ಸಹಿಸದಿರುವುದು. ಪಕ್ಕದ ಬೀದಿಯ ಸಂಘ ಉಚಿತ ನೇತ್ರ ಚಿಕಿತ್ಸೆಯ ಶಿಬಿರ ಮಾಡಿತೆಂದು ಅದೇ ತಿಂಗಳು ಅದೇ ಬಡಾವಣೆಯಲ್ಲಿ ಇನ್ನೊಂದು ಶಿಬಿರ ಮಾಡುವವರನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು.

ಇವೆಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಬೇರೆಯೇ ಇದೆ. ಅದೇ ಅಧ್ಯಾಯದಲ್ಲಿ ಪರಿಗ್ರಹವೆಂದರೆ ಮೂರ್ಛೆ ಎಂದು ಹೇಳಿದೆ. ವಸ್ತುವಲ್ಲ, ವಸ್ತುವಿನ ಮೇಲಿನ ಮೋಹ. ಪೂಜ್ಯಪಾದರು ಇದನ್ನು ಕೊನೆಯವರೆಗೂ ಬೆಳೆಸುತ್ತಾರೆ. ಹೊರಗೆ ಯಾವ ವಸ್ತುವೂ ಇಲ್ಲದಿದ್ದರೂ ‘ಇದು ನನ್ನದು’ ಎಂಬ ಸಂಕಲ್ಪವುಳ್ಳವನು ಪರಿಗ್ರಹಿಯೇ ಎಂಬುದು ಅವರ ಅಭಿಪ್ರಾಯ. ಸಂಸ್ಥೆಗಳನ್ನು ಸ್ಥಾಪಿಸುವವರು ಬಿಡುವು ಮಾಡಿಕೊಂಡು ಚಿಂತಿಸಬೇಕಾದ ಮಾತಿದು. ಕಾನೂನಿನ ದೃಷ್ಟಿಯಲ್ಲಿ ಸಂಸ್ಥಾಪಕನಿಗೆ ಸಂಸ್ಥೆಯ ಒಂದು ಇಟ್ಟಿಗೆಯೂ ಸೇರಿಲ್ಲ. ನಿವೇಶನವನ್ನು ಬರೆದುಕೊಟ್ಟಾಯಿತು, ಹಣವನ್ನು ಕೊಟ್ಟಾಯಿತು. ಆದರೂ ಇಪ್ಪತ್ತೈದು ವರ್ಷಗಳಿಂದ ಅಧ್ಯಕ್ಷಸ್ಥಾನ ಬಿಟ್ಟಿಲ್ಲ. ಕಾರ್ಯದರ್ಶಿಯಾಗಿ ಮಗ, ಖಜಾಂಚಿಯಾಗಿ ಸೊಸೆ. ಗೋಡೆಯ ಮೇಲಿನ ಅಮೃತಶಿಲೆಯಲ್ಲಿ ಹೆಸರು ಮಸುಕಾದರೆ ರಾತ್ರಿ ನಿದ್ರೆ ಬಾರದು. ಹೊಸ ಶಿಕ್ಷಕನೊಬ್ಬ ಸಭೆಯಲ್ಲಿ ಲೆಕ್ಕ ಕೇಳಿದರೆ ಅದು ಕೃತಘ್ನತೆ ಎನಿಸುತ್ತದೆ. ಕೊಟ್ಟ ವಸ್ತು ಹೋಗಿದೆ, ‘ನನ್ನದು’ ಮಾತ್ರ ಮನೆಯಲ್ಲೇ ಉಳಿದಿದೆ. ಇಂಥವರು ಕೆಟ್ಟವರೆಂದು ಹೇಳುವಂತಿಲ್ಲ. ಅನೇಕರು ಬೆವರು ಸುರಿಸಿ ಕಟ್ಟಿದವರು. ಅದರಿಂದಲೇ ಮೋಹವೂ ಗಾಢ.

ಸಾತಾರಾದಲ್ಲಿ ಶಿವಾಜಿ ಮಹಾರಾಜರ ಹೆಸರಿನ ಕಾಲೇಜು ಆರಂಭವಾದದ್ದು 1947ರಲ್ಲಿ. ಅದರ ಬಗ್ಗೆ ಇಂದಿಗೂ ಪ್ರಚಲಿತವಿರುವ ಒಂದು ಪ್ರಸಂಗವಿದೆ. ದೊಡ್ಡ ಮೊತ್ತ ಕೊಡಲು ಬಂದ ದಾನಿಯೊಬ್ಬರು ಕಾಲೇಜಿಗೆ ತಾವು ಹೇಳಿದ ಹೆಸರನ್ನಿಡಬೇಕೆಂದರಂತೆ. ಬೇಕಾದರೆ ತಮ್ಮ ತಂದೆಯ ಹೆಸರನ್ನಾದರೂ ಬದಲಾಯಿಸಿಕೊಳ್ಳಬಹುದು, ಕಾಲೇಜಿನ ಹೆಸರನ್ನು ಬದಲಾಯಿಸಲಾಗದು ಎಂಬರ್ಥದ ಉತ್ತರವನ್ನು ಕೊಟ್ಟು ಭಾವುರಾವ್ ಆ ಹಣವನ್ನು ಬಿಟ್ಟರು. ಹಣದ ಅಡಚಣೆ ಎಂದೂ ತಪ್ಪದ ಸಂಸ್ಥೆಯವರು ಹೀಗೆ ಬಿಡುವುದು ಅವಿವೇಕವೆಂದು ವ್ಯವಹಾರಸ್ಥರು ಹೇಳಬಹುದು. ಆದರೆ ಹೆಸರಿನ ಷರತ್ತಿನೊಡನೆ ಬರುವ ಹಣ ಒಬ್ಬನಿಗೆ ನಿಲ್ಲುವುದಿಲ್ಲ. ಮುಂದಿನ ದಾನಿ ಆಡಳಿತ ಮಂಡಳಿಯಲ್ಲಿ ಸ್ಥಾನ ಕೇಳುತ್ತಾನೆ, ಅದರ ಮುಂದಿನವನು ಕೆಲಸಕ್ಕೆ ತನ್ನ ಅಳಿಯನನ್ನು ಕಳುಹಿಸುತ್ತಾನೆ.

ಈ ಕಾಲದಲ್ಲಿ ಕರ್ನಾಟಕದಲ್ಲಿ ಒಂದು ಸೇವಾಸಂಸ್ಥೆಯನ್ನು ಆರಂಭಿಸಲು ಬಯಸುವ ಶ್ರಾವಕರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ನ್ಯಾಸಪತ್ರ ಬರೆದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ ಟ್ರಸ್ಟ್ ಮಾಡುವುದು ಒಂದು. ಕನಿಷ್ಠ ಏಳು ಮಂದಿ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಸಂಘ ಸ್ಥಾಪಿಸುವುದು ಇನ್ನೊಂದು. ಕಂಪನಿ ಕಾಯಿದೆಯಲ್ಲಿಯೂ ಲಾಭರಹಿತ ಸಂಸ್ಥೆಗೆ ಅವಕಾಶವಿದೆ, ಚಿಕ್ಕ ಊರಿನವರಿಗೆ ಅದರ ಅಗತ್ಯ ಕಡಿಮೆ. ಟ್ರಸ್ಟಿನಲ್ಲಿ ಅಧಿಕಾರ ಕೆಲವರಲ್ಲೇ ನಿಲ್ಲುತ್ತದೆ. ಸಂಘದಲ್ಲಿ ಪ್ರತಿವರ್ಷ ಸರ್ವಸದಸ್ಯರ ಸಭೆಯ ಮುಂದೆ ನಿಲ್ಲಬೇಕು, ಚುನಾವಣೆ ನಡೆಸಬೇಕು. ಹೆಚ್ಚಿನವರು ಟ್ರಸ್ಟನ್ನೇ ಆರಿಸಿಕೊಳ್ಳುವುದಕ್ಕೆ ಸುಲಭ ಆಡಳಿತ ಒಂದೇ ಕಾರಣವೋ, ಕೇಳುವವರು ಕಡಿಮೆ ಎಂಬುದೂ ಕಾರಣವೋ, ಅವರವರ ಅಂತರಂಗಕ್ಕೇ ಗೊತ್ತು.

ಲೌಕಿಕ ಕಾನೂನಿನಲ್ಲಿಯೂ ಅಪರಿಗ್ರಹದ ನೆರಳು ಬಿದ್ದಿದೆ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ತೆರಿಗೆಯ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆ ತನ್ನ ವರ್ಷದ ಆದಾಯದಲ್ಲಿ ಶೇಕಡ 85ರಷ್ಟನ್ನು ಉದ್ದೇಶಕ್ಕೆ ವಿನಿಯೋಗಿಸಬೇಕು. ಕೈಯಲ್ಲಿ ಉಳಿಸಿಕೊಳ್ಳಬಹುದಾದದ್ದು ಶೇಕಡ 15. ಅದಕ್ಕಿಂತ ಹೆಚ್ಚು ಕೂಡಿಡಬೇಕಾದರೆ ಯಾವ ಕೆಲಸಕ್ಕೆಂದು ಮುಂಚಿತವಾಗಿ ತಿಳಿಸಿ, ಐದು ವರ್ಷಗಳೊಳಗೆ ಅದಕ್ಕೇ ಖರ್ಚು ಮಾಡಬೇಕು. ಸ್ಥಾಪಕರಿಗಾಗಲಿ ಅವರ ಬಂಧುಗಳಿಗಾಗಲಿ ಸಂಸ್ಥೆಯ ಸಂಪತ್ತಿನಿಂದ ಅನುಚಿತ ಲಾಭವಾದರೆ ವಿನಾಯಿತಿಗೆ ಕುತ್ತು ಬರುತ್ತದೆ. ಪರಿಗ್ರಹಪರಿಮಾಣ ವ್ರತವನ್ನು ಗೃಹಸ್ಥ ತಾನಾಗಿ ಸ್ವೀಕರಿಸುತ್ತಾನೆ. ಇಲ್ಲಿ ಸರಕಾರ ಅದನ್ನು ಸಂಸ್ಥೆಯ ಮೇಲೆ ಹೊರಿಸಿದೆ. ಸಂಘಗಳ ಕಾನೂನಿನಲ್ಲಿ ಇನ್ನೊಂದು ವಿಶೇಷವಿದೆ. ಸಂಘವನ್ನು ವಿಸರ್ಜಿಸಿದಾಗ ಸಾಲ ತೀರಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದೇ ಬಗೆಯ ಬೇರೆ ಸಂಸ್ಥೆಗೆ ಹೋಗಬೇಕು. ಟ್ರಸ್ಟಿನ ನ್ಯಾಸಪತ್ರದಲ್ಲಿಯೂ ಅಂಥ ಕಲಮನ್ನು ಬರೆಯುತ್ತಾರೆ. ಹುಟ್ಟುವ ದಿನವೇ ಸಾವಿನ ವಿಧಿಯನ್ನು ಬರೆದಿಡುವುದು ಅಶುಭವೆಂದು ಕೆಲವರು ಮುಖ ಸಿಂಡರಿಸುತ್ತಾರೆ. ಮರಣದ ಸ್ಮರಣೆಯನ್ನು ವ್ರತದ ಭಾಗವಾಗಿಸಿಕೊಂಡ ಧರ್ಮದವರಿಗೆ ಅದರಲ್ಲಿ ಅಂಜಿಕೆ ಏಕಿರಬೇಕು?

ಅಂಜಬೇಕಾದ ಎಡೆ ಬೇರೆ ಇದೆ. ಜಿನಬಿಂಬದ ಮುಂದೆ ಅರ್ಪಿಸಿದ ಅಕ್ಕಿ, ಫಲ ನಿರ್ಮಾಲ್ಯ. ಅದನ್ನು ಮನೆಗೆ ತಂದು ಉಣ್ಣಲು ಶ್ರಾವಕ ಹೆದರುತ್ತಾನೆ. ಬಾಲ್ಯದಲ್ಲೇ ಅಜ್ಜಿಯಂದಿರು ಆ ಹೆದರಿಕೆಯನ್ನು ಮನಸ್ಸಿನಲ್ಲಿ ಊರಿರುತ್ತಾರೆ. ಅದೇ ಹೆದರಿಕೆ, ಟ್ರಸ್ಟಿನ ವಾಹನ ಮನೆಯ ಮದುವೆಗೆ ಓಡುವಾಗ ಎಲ್ಲಿ ಹೋಗುತ್ತದೆ? ಪೂರ್ಣ ವೇತನಕ್ಕೆ ಶಿಕ್ಷಕಿಯಿಂದ ಸಹಿ ಹಾಕಿಸಿಕೊಂಡು ಕೈಗೆ ಅರ್ಧವನ್ನೇ ಕೊಡುವ ಆಡಳಿತಗಳು ನಾಡಿನಲ್ಲಿ ಇಲ್ಲದಿಲ್ಲ. ತೂಕ, ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರವೆಂದು ಆಚಾರ್ಯರು ಹೇಳಿದ್ದಾರೆ. ತಕ್ಕಡಿಯ ಬದಲು ವೇತನದ ಪುಸ್ತಕ ಬಂದಿದೆ, ಅಷ್ಟೆ. ಆ ಶಾಲೆಯ ಹೆಬ್ಬಾಗಿಲ ಮೇಲೆ ತೀರ್ಥಂಕರರ ಹೆಸರಿದ್ದರೆ ದೋಷ ಕಡಿಮೆಯಾಗುವುದಿಲ್ಲ.

ದಾತೃವಿನ ಏಳು ಗುಣಗಳನ್ನು ಎಣಿಸುವಾಗ ಶ್ರದ್ಧೆ, ಭಕ್ತಿಗಳ ಜೊತೆಯಲ್ಲಿ ವಿಜ್ಞಾನವನ್ನೂ ಹೇಳುತ್ತಾರೆ. ಯಾರಿಗೆ, ಏನು, ಎಂದು, ಹೇಗೆ ಕೊಡಬೇಕೆಂಬ ತಿಳಿವಳಿಕೆ ಅದು. ಸೇವೆಗೆ ಮನಸ್ಸಿದ್ದರೆ ಸಾಕು, ಲೆಕ್ಕಪತ್ರವೇಕೆ ಎನ್ನುವವರಿಗೆ ಈ ಒಂದು ಪದ ಉತ್ತರ. ರಸೀದಿ ಪುಸ್ತಕದ ಕ್ರಮಸಂಖ್ಯೆ, ಪ್ರತಿ ಖರ್ಚಿಗೂ ಬಿಲ್ಲು, ಬ್ಯಾಂಕಿನಲ್ಲಿ ಇಬ್ಬರ ಸಹಿ, ನಡವಳಿಯ ಪುಸ್ತಕ, ಲೆಕ್ಕ ಪರಿಶೋಧಕರ ವರದಿ, ಇವು ಬರಿಯ ಕಚೇರಿಯ ಕಾಟವಲ್ಲ. ಸಂಜೆ ಪ್ರತಿಕ್ರಮಣಕ್ಕೆ ಕುಳಿತವನು ದಿನದ ದೋಷಗಳನ್ನು ಒಂದೊಂದಾಗಿ ನೆನೆಯುವಂತೆ, ಸಂಸ್ಥೆ ವರ್ಷಕ್ಕೊಮ್ಮೆ ತನ್ನ ದೋಷಗಳನ್ನು ಎಲ್ಲರ ಮುಂದೆ ಓದುವ ಕ್ರಮ ಅದು. ಎರಡನೆಯದರಲ್ಲಿ ಮನಸ್ಸಿನೊಳಗೇ ಕ್ಷಮೆ ಕೇಳಿ ಮುಗಿಸುವಂತಿಲ್ಲ ಎಂಬುದಷ್ಟೇ ಭೇದ.

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ. ಬಸದಿಗಳಲ್ಲಿ ಅಂದು ದಾನಗಳ ಘೋಷಣೆ ಜೋರಾಗಿ ನಡೆಯುತ್ತದೆ. ಯಾರು ಎಷ್ಟು ಬರೆಸಿದರೆಂಬುದು ಊರೆಲ್ಲ ಸುತ್ತುತ್ತದೆ. ಮಾರನೆಯ ದಿನ ಉತ್ತಮ ಆಕಿಂಚನ್ಯ, ನನ್ನದೆಂಬುದು ಕಿಂಚಿತ್ತೂ ಇಲ್ಲವೆಂಬ ಭಾವ. ಅಂದು ಘೋಷಿಸಲು ಏನೂ ಇರುವುದಿಲ್ಲವಾದ್ದರಿಂದ ಸಭೆಯೂ ಸ್ವಲ್ಪ ತೆಳುವಾಗಿರುತ್ತದೆ. ಆಚಾರ್ಯರು ತ್ಯಾಗವಾದ ಮೇಲೂ ಇನ್ನೊಂದು ಧರ್ಮವನ್ನು ಏಕೆ ಹೇಳಬೇಕಾಯಿತು ಎಂಬುದು ಸಂಸ್ಥೆಗಳನ್ನು ಹತ್ತಿರದಿಂದ ಕಂಡವರಿಗೆ ತಿಳಿಯುತ್ತದೆ.

ಭಾವುರಾವ್ ಅವರಿಗೆ 1959ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷದ ಮೇ 9ರಂದು ಅವರು ತೀರಿಕೊಂಡರು. ಆ ಹೊತ್ತಿಗೆ ರಯತ ಸಂಸ್ಥೆಯ ಪ್ರೌಢಶಾಲೆಗಳೇ ನೂರನ್ನು ದಾಟಿದ್ದವು. ಅಲ್ಪ ವೇತನಕ್ಕೆ ಬದುಕನ್ನೇ ಸಂಸ್ಥೆಗೆ ಕೊಡುವ ಆಜೀವ ಸೇವಕರ ಪಡೆಯನ್ನು ಅವರು ಬೆಳೆಸಿದ್ದರು. ಅವರ ಬೋರ್ಡಿಂಗಿನಲ್ಲಿ ಉಂಡು ಓದಿದ ಹುಡುಗರೇ ಶಿಕ್ಷಕರಾಗಿ, ಮುಖ್ಯಾಧ್ಯಾಪಕರಾಗಿ ಮರಳಿ ಬಂದಿದ್ದರು. ಸ್ಥಾಪಕ ಹೋದ ಮಾರನೆಯ ವಾರ ಶಾಲೆಗಳು ಎಂದಿನಂತೆ ನಡೆಯಬೇಕಾದರೆ ಇಂಥವರು ಬೇಕು.

ಲಕ್ಷ್ಮೀಬಾಯಿಯವರು ಅದಕ್ಕೂ ಬಹಳ ಮುಂಚೆ, 1930ರಲ್ಲಿಯೇ ತೀರಿಹೋಗಿದ್ದರು. ಶಿಕ್ಷಕರ ತರಬೇತಿ ಕಾಲೇಜು 1935ರಲ್ಲಿ ಬಂತು, ಸಾತಾರಾದ ಮೊದಲ ಉಚಿತ ಪ್ರೌಢಶಾಲೆ 1940ರಲ್ಲಿ, ಶಿವಾಜಿ ಕಾಲೇಜು 1947ರಲ್ಲಿ. ಆಕೆ ಕಂಡದ್ದು ಬೋರ್ಡಿಂಗಿನ ಅಡಿಗೆಮನೆ, ಖಾಲಿಯಾಗುತ್ತಿದ್ದ ಧಾನ್ಯದ ಡಬ್ಬ, ಮತ್ತು ಊಟಕ್ಕೆ ಬಂದು ಸಾಲಾಗಿ ಕುಳಿತ ಮಕ್ಕಳು.